ಅಂಟಿ ನಿಲ್ಲುವ ಮೆನುವಿಗೆ ಅಳತೆ ಬರೆದಿಡಬೇಡಿ

ತೆಂಗಿನ ಬಗ್ಗೆ ಬರೆದ ಪುಟ ಉದ್ದವಾಗಿಯೇ ಇರುತ್ತದೆ. ಅಣಬೆ ರೋಗ, ನುಸಿ, ಕಪ್ಪುತಲೆ ಹುಳು, ಕಾಂಡ ಸೋರುವ ರೋಗ, ಗೊಬ್ಬರದ ಲೆಕ್ಕ, ಕೊಬ್ಬರಿ ಧಾರಣೆ, ಇವುಗಳಲ್ಲಿ ಯಾವುದನ್ನೂ ಬಿಡುವಂತಿಲ್ಲ. ತುರುವೇಕೆರೆಯಲ್ಲಿ ಕೂತು ಸುತ್ತಲಿನ ಬೆಳೆಗಾರರಿಗಾಗಿ ಕನ್ನಡದ ಜಾಲತಾಣವೊಂದನ್ನು ಕಟ್ಟುವಾಗ ನನ್ನ ಕಣ್ಣ ಮುಂದಿದ್ದವರು ದಂಡಿನಶಿವರದಲ್ಲೋ ಮಾಯಸಂದ್ರದಲ್ಲೋ ತೋಟದೊಳಗೆ ನಿಂತು, ಬಿಸಿಲಲ್ಲಿ ಸಣ್ಣ ಫೋನಿನ ಮೇಲೆ ಓದುವವರು. ನುಸಿಯ ಬಗ್ಗೆ ಓದಿ ಮುಗಿಸಿದವರು ಧಾರಣೆ ನೋಡಬೇಕೆಂದರೆ ಪುಟವನ್ನೆಲ್ಲ ಮತ್ತೆ ಮೇಲಕ್ಕೆ ಎಳೆಯುವ ಪಾಡು ಇರಬಾರದು. ಅದಕ್ಕೇ ಮೆನು ತೆರೆಯ ಮೇಲಂಚಿಗೆ ಅಂಟಿ ನಿಲ್ಲಬೇಕು.

ನಿಲ್ಲಿಸುವುದು ಸುಲಭ. ಪುಟದ ರೂಪ ಬದಲಾದಾಗಲೂ ಸರಿಯಾದ ಜಾಗದಲ್ಲಿ ನಿಲ್ಲುವಂತೆ ಮಾಡುವುದರಲ್ಲೇ ಕೆಲಸವೆಲ್ಲ ಇದೆ. ಅದರಿಂದ ನಾನು ಕಲಿತದ್ದು ಇದು: ಮೆನುವಿನ ಎತ್ತರವನ್ನು ಒಂದು ಅಂಕಿಯಾಗಿ ಬರೆದಿಡಬಾರದು. ಆ ಅಳತೆಯನ್ನು ಪುಟದಿಂದಲೇ, ಅದು ಬದಲಾದಾಗಲೆಲ್ಲ, ಕೇಳಿ ಪಡೆಯಬೇಕು.

ಬ್ರೌಸರ್ ಮಾಡುವ ಕೆಲಸ ಬ್ರೌಸರ್‌ಗೇ ಇರಲಿ

ಹಿಂದೆ ಇದಕ್ಕೆ ಜಾವಾಸ್ಕ್ರಿಪ್ಟ್ ಬೇಕಿತ್ತು. ಪುಟ ತೆರೆದಾಗ ಮೆನು ಮೇಲಿನಿಂದ ಎಷ್ಟು ದೂರದಲ್ಲಿದೆ ಎಂದು ಅಳೆದಿಟ್ಟುಕೊಂಡು, ಓದುಗ ಅಷ್ಟು ದೂರ ದಾಟಿದೊಡನೆ ಮೆನುವನ್ನು ‘ಫಿಕ್ಸೆಡ್’ ಮಾಡುತ್ತಿದ್ದರು. ಆದರೆ ಹಳ್ಳಿಯ ನಿಧಾನ ನೆಟ್‌ನಲ್ಲಿ ರೋಗದ ಚಿತ್ರಗಳು ತಡವಾಗಿ ಇಳಿಯುತ್ತವೆ. ಇಳಿದೊಡನೆ ಪುಟ ಕೆಳಕ್ಕೆ ಜಾರುತ್ತದೆ, ಮೊದಲು ಅಳೆದದ್ದು ಸುಳ್ಳಾಗುತ್ತದೆ. ‘ಪೊಸಿಷನ್ ಸ್ಟಿಕಿ’ ಎಂಬ ಸಿಎಸ್ಎಸ್ ನಿಯಮ ಫೈರ್‌ಫಾಕ್ಸ್‌ಗೆ 2014ರಲ್ಲಿ, ಕ್ರೋಮ್‌ಗೆ 2017ರ ಜನವರಿಯಲ್ಲಿ ಬಂದಮೇಲೆ ಈ ಲೆಕ್ಕದ ಹೊಣೆ ಬ್ರೌಸರ್‌ನದಾಯಿತು. ಮೆನು ತನ್ನ ಜಾಗ ಬಿಟ್ಟುಕೊಡದೆ ಪುಟದ ಹರಿವಿನಲ್ಲೇ ಉಳಿಯುವುದರಿಂದ, ಮೇಲೆ ಏನು ಹಿಗ್ಗಿದರೂ ಕುಗ್ಗಿದರೂ ಅಂಟುವ ಹೊತ್ತು ತಾನಾಗಿ ಹೊಂದಿಕೊಳ್ಳುತ್ತದೆ.

ಇದಕ್ಕೆ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು, ಮೆನು ತನ್ನನ್ನು ಒಳಗೊಂಡ ಪೆಟ್ಟಿಗೆಯ ಆಚೆ ಬರುವುದಿಲ್ಲ. ಗೂಟಕ್ಕೆ ಕಟ್ಟಿದ ಹಸು ಹಗ್ಗದಳತೆಯಷ್ಟೇ ಮೇಯುವ ಹಾಗೆ. ಮೆನುವಿನಷ್ಟೇ ಎತ್ತರದ ಪೆಟ್ಟಿಗೆಯೊಳಗೆ ಅದನ್ನಿಟ್ಟರೆ ಅಂಟುವುದಕ್ಕೆ ಜಾಗವೇ ಇರದು. ಎರಡನೆಯದು, ಮೆನುವನ್ನು ಸುತ್ತುವರಿದ ಯಾವುದಾದರೂ ಪೆಟ್ಟಿಗೆಗೆ ‘ಓವರ್‌ಫ್ಲೋ ಹಿಡನ್’ ಎಂಬ, ಹೊರಚಾಚಿದ್ದನ್ನು ಮರೆಮಾಡುವ ನಿಯಮ ಇದ್ದರೆ, ಮೆನು ತೆರೆಯನ್ನು ಬಿಟ್ಟು ಆ ಪೆಟ್ಟಿಗೆಗೆ ಅಂಟಲು ಹೋಗುತ್ತದೆ. ಕೊಬ್ಬರಿ ಧಾರಣೆಯ ಅಗಲವಾದ ಪಟ್ಟಿ ಫೋನಿನಲ್ಲಿ ಹೊರಚಾಚುವುದನ್ನು ತಡೆಯಲು ಇಡೀ ಪುಟವನ್ನು ಸುತ್ತುವ ಪೆಟ್ಟಿಗೆಗೇ ಆ ನಿಯಮ ಹಾಕುವುದು ರೂಢಿಯಲ್ಲಿದೆ. ಮೆನು ಅಂಟದಿದ್ದಾಗ ಮೊದಲು ಹುಡುಕಬೇಕಾದದ್ದು ಇದನ್ನೇ. ಪಟ್ಟಿಯೊಂದಕ್ಕೇ ಅಡ್ಡ ಸರಿಯುವ ಪೆಟ್ಟಿಗೆ ಕೊಟ್ಟರೆ ಸಾಕು. ಇಡೀ ಪುಟವನ್ನೇ ಕತ್ತರಿಸಲೇಬೇಕಿದ್ದರೆ ‘ಓವರ್‌ಫ್ಲೋ ಕ್ಲಿಪ್’ ಇದೆ, ಅದು ಸ್ಟಿಕಿಯನ್ನು ಕೆಡಿಸುವುದಿಲ್ಲ.

ಕನ್ನಡದ ಮೆನು ಎತ್ತರ ಬದಲಿಸುತ್ತದೆ

ನಮ್ಮ ಭಾಷೆಯಲ್ಲಿ ಈ ಕೆಲಸ ಇನ್ನಷ್ಟು ಎಚ್ಚರ ಬೇಡುತ್ತದೆ. ‘ಪೋಷಕಾಂಶ ನಿರ್ವಹಣೆ’ ಎಂಬ ಎರಡು ಪದ ಫೋನಿನ ಅರ್ಧ ಅಗಲವನ್ನು ತಿನ್ನುತ್ತವೆ. ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಸಾಲಿನ ಅಂತರವನ್ನು ಬಿಗಿಮಾಡುವಂತಿಲ್ಲ. ಜಾಲದಿಂದ ಬರುವ ನೋಟೊ ಸಾನ್ಸ್ ಕನ್ನಡದಂಥ ಫಾಂಟ್ ತಡವಾದರೆ ಮೊದಲು ಸಾಧನದಲ್ಲೇ ಇರುವ ಫಾಂಟ್ ಕಾಣಿಸಿಕೊಂಡು, ಆಮೇಲೆ ಅದಲುಬದಲಾಗುತ್ತದೆ. ಅಕ್ಷರದ ಅಗಲ ಬೇರೆಯಾದ್ದರಿಂದ ಒಂದು ಸಾಲಿನ ಮೆನು ಎರಡು ಸಾಲಾಗಬಹುದು. ಅರವತ್ತು ಪಿಕ್ಸೆಲ್ ಎಂದು ಬರೆದಿಟ್ಟ ಅಂಕಿ ಆಗ ಕೆಲಸಕ್ಕೆ ಬಾರದು. ‘ಅಣಬೆ ರೋಗ’ ಎಂಬ ಕೊಂಡಿ ಒತ್ತಿದರೆ ಶೀರ್ಷಿಕೆ ಮೆನುವಿನ ಹಿಂದೆ ಅಡಗಿ, ಓದುಗರಿಗೆ ಪ್ಯಾರಾದ ನಡುಭಾಗ ಕಾಣುತ್ತದೆ.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ‘ರಿಸೈಜ್ ಅಬ್ಸರ್ವರ್’. 2020ರ ಹೊತ್ತಿಗೆ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಬಂದ ಸೌಲಭ್ಯವಿದು. ಮೆನುವಿನ ಗಾತ್ರ ಬದಲಾದೊಡನೆ ಅದು ಸುದ್ದಿ ಕೊಡುತ್ತದೆ. ಆಗಿನ ಎತ್ತರವನ್ನು ಒಂದು ಸಿಎಸ್ಎಸ್ ವೇರಿಯಬಲ್‌ನಲ್ಲಿ ಇಟ್ಟು, ಕೊಂಡಿ ಒತ್ತಿ ಇಳಿದಾಗ ಮೇಲೆ ಎಷ್ಟು ಜಾಗ ಬಿಡಬೇಕೆಂದು ಹೇಳುವ, ಪುಟದ ‘ಸ್ಕ್ರೋಲ್ ಪ್ಯಾಡಿಂಗ್ ಟಾಪ್’ಗೂ, ದೊಡ್ಡ ತೆರೆಯಲ್ಲಿ ಪಕ್ಕಕ್ಕೆ ಅಂಟುವ ಪರಿವಿಡಿಗೂ ಅದೇ ವೇರಿಯಬಲ್ ಕೊಡುತ್ತೇನೆ. ಅಳೆಯುವಾಗ ಪ್ಯಾಡಿಂಗ್, ಅಂಚು ಎರಡೂ ಸೇರಿದ ಪೂರ್ತಿ ಎತ್ತರ ತೆಗೆದುಕೊಳ್ಳಬೇಕು. ಒಳಗಿನ ಬರಹದ ಎತ್ತರವನ್ನಷ್ಟೇ ಹಿಡಿದರೆ ಶೀರ್ಷಿಕೆಯ ತಲೆ ಮತ್ತೆ ಮುಚ್ಚಿಹೋಗುತ್ತದೆ. ಚಿತ್ರಗಳಿಗೆ ಅಗಲ, ಎತ್ತರ ಮೊದಲೇ ತಿಳಿಸಿದರೆ ಪುಟ ಜಾರುವುದೂ ತಪ್ಪುತ್ತದೆ.

ಇನ್ನು, ತುರ್ತು ಸುದ್ದಿಯನ್ನು ಮೆನುವಿನ ಮೇಲೆ ತೋರಿಸುವ ಸೂಚನಾ ಪಟ್ಟಿ. ಬೆಂಬಲ ಬೆಲೆಯ ಸುದ್ದಿ ನಮ್ಮ ಭಾಗಕ್ಕೆ ಎಂಥದ್ದೆಂದು ಹೇಳಬೇಕಿಲ್ಲ. ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 2024ರ ಹಂಗಾಮಿನಲ್ಲಿ 12,000 ರೂಪಾಯಿ, 2025ಕ್ಕೆ 12,100 ಇತ್ತು. ಬೆಂಬಲ ಬೆಲೆಗೆ ಕೊಳ್ಳುವ ಸಂಸ್ಥೆ ನಾಫೆಡ್‌ನ ಖರೀದಿಗೆ ನೋಂದಣಿ ಶುರುವಾದರೆ ಅದು ಪುಟದ ಮೇಲ್ತುದಿಯಲ್ಲೇ ಕಾಣಬೇಕು. ಆದರೆ ಪಟ್ಟಿ, ಮೆನು ಎರಡೂ ಅಂಟಿ ನಿಂತರೆ ಸಣ್ಣ ತೆರೆಯಲ್ಲಿ ಓದಲು ಉಳಿಯುವುದೇನು? ಪಟ್ಟಿ ಪುಟದೊಂದಿಗೆ ಸರಿದುಹೋಗಲಿ, ಮೆನು ಮಾತ್ರ ನಿಲ್ಲಲಿ ಎಂದು ತೀರ್ಮಾನಿಸಿದೆ. ಪಟ್ಟಿ ಬಂದರೂ ಹೋದರೂ, ಯಾರಾದರೂ ಮುಚ್ಚಿದರೂ, ಮೆನುವಿಗೆ ಬೇರೆ ಲೆಕ್ಕ ಬೇಡ.

ಜಾಗ ಓದುಗರದು

ಅಂಟಿ ನಿಂತದ್ದು ಜಾಗ ಕಬಳಿಸುವುದೂ ಉಂಟು. ಫೋನನ್ನು ಅಡ್ಡ ಹಿಡಿದಾಗ ತೆರೆಯ ಎತ್ತರ ತೀರಾ ಕಡಿಮೆ. ಆಗ ಎತ್ತರ ನೋಡುವ ಮೀಡಿಯಾ ಕ್ವೆರಿಯಿಂದ ಅಂಟುವುದನ್ನೇ ನಿಲ್ಲಿಸಿಬಿಡುತ್ತೇನೆ. ಕಣ್ಣು ಮಂಜಾದ ಹಿರಿಯರು ಅಕ್ಷರವನ್ನು ದುಪ್ಪಟ್ಟು ಮಾಡಿಕೊಂಡು ಓದುತ್ತಾರೆ. ಅವರ ಫೋನಿನಲ್ಲಿ ಮೆನು ಅರ್ಧ ತೆರೆ ನುಂಗಬಾರದೆಂದು ಅದನ್ನು ಅಡ್ಡ ಸರಿಯುವ ಒಂದೇ ಸಾಲಾಗಿಸಿದೆ. ಕೀಬೋರ್ಡಿನಿಂದ ಓಡಾಡುವವರಿಗೆ ತಾವು ನಿಂತ ಕೊಂಡಿ ಹೀಗೆ ಅಂಟಿ ನಿಂತದ್ದರ ಹಿಂದೆ ಪೂರ್ತಿ ಮರೆಯಾಗಬಾರದೆಂದು, ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಬೇಕೆನ್ನುವ ಮಾರ್ಗಸೂಚಿಯಾದ, 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯೂಸಿಎಜಿ 2.2 ಕೂಡ ಹೇಳುತ್ತದೆ.

ಹೊಸದಾಗಿ ಕನ್ನಡ ಜಾಲತಾಣ ಕಟ್ಟುವವರಿಗೆ ನನ್ನ ಮಾತು ಇಷ್ಟು: ಒಪ್ಪಿಸುವ ಮುನ್ನ ಅಕ್ಷರ ದೊಡ್ಡದು ಮಾಡಿ, ಫೋನನ್ನು ಅಡ್ಡ ತಿರುಗಿಸಿ, ನೆಟ್ ನಿಧಾನ ಮಾಡಿ, ಸೂಚನಾ ಪಟ್ಟಿ ಇಟ್ಟೂ ತೆಗೆದೂ ಪ್ರತಿ ಕೊಂಡಿ ಒತ್ತಿ ನೋಡಿ. ಪ್ರತಿ ಸಲವೂ ಶೀರ್ಷಿಕೆ ಪೂರ್ತಿ ಕಂಡರೆ ಮಾತ್ರ ಆ ಮೆನು ಬೆಳೆಗಾರರ ಕೈಗೆ ಕೊಡಲು ಲಾಯಕ್ಕು.