ಪೆನ್ಷನ್ ಇಲ್ಲದ ಸಿಪಾಯಿಗೆ ಸೂರು: ಐದು ತಾಲ್ಲೂಕುಗಳ ಒಂದು ಪಾಠ

ನಮ್ಮ ಹಳೆಯ ಶಾಸನಗಳಲ್ಲಿ ‘ನೆತ್ತರುಕೊಡಗೆ’ ಅಂತ ಒಂದು ಮಾತು ಬರುತ್ತದೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಜಮೀನು ಅದು. ವೀರನ ಕತ್ತಿ ತೊಳೆದು ಕೊಡುತ್ತಿದ್ದ ದತ್ತಿಗೆ ‘ಬಾಳ್ಗಳ್ಚು’ ಅನ್ನುತ್ತಿದ್ದರು. ತಕ್ಕೋಲದ ಯುದ್ಧ ಮುಗಿದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಹೀಗೆ ಭೂಮಿ ಕೊಟ್ಟದ್ದನ್ನು ಮಂಡ್ಯ ಜಿಲ್ಲೆಯ ಆತಕೂರು ಶಾಸನ ಹೇಳುತ್ತದೆ. ಕಲ್ಲು ಊರಲ್ಲೇ ನಿಂತಿರುತ್ತಿತ್ತು. ಯಾರಿಗೆ ಏನು ಸಲ್ಲಬೇಕು ಅನ್ನೋದು ಊರಿಗೆಲ್ಲ ಗೊತ್ತಿರುತ್ತಿತ್ತು. ಇವತ್ತು ಸಿಪಾಯಿಗೆ ಸಲ್ಲಬೇಕಾದದ್ದು ನಾಲ್ಕು ಕಚೇರಿಗಳ ನಾಲ್ಕು ಕಡತಗಳಲ್ಲಿ ಹಂಚಿಹೋಗಿದೆ. ಆ ಕಡತಗಳು ಯಾವುವು, ಅವುಗಳ ನಡುವೆ ಒಬ್ಬ ಮುದುಕ ಹೇಗೆ ಕಳೆದುಹೋಗ್ತಾನೆ ಅನ್ನೋದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಇಟ್ಟುಕೊಂಡು ನೋಡೋಣ.

1. ಮನೆ ಇಲ್ಲದವರು ಅಂದರೆ ಯಾರು?

ಮನೆ ಇಲ್ಲದವರು ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ಫುಟ್‌ಪಾತ್. ಈ ಐದು ತಾಲ್ಲೂಕುಗಳಲ್ಲಿ ಚಿತ್ರ ಬೇರೆ. ಮಳೆ ನಂಬಿದ ಬೇಸಾಯದ ಸೀಮೆ ಇದು. ಮಳೆ ಕೈಕೊಟ್ಟರೆ ಜನ ಗುಳೆ ಹೋಗ್ತಾರೆ. ಇಲ್ಲಿ ಮನೆ ಕಳೆದುಕೊಂಡವರು ತಮ್ಮನ ಪಡಸಾಲೆಯಲ್ಲೋ, ಗುಡಿಯ ಜಗಲಿಯಲ್ಲೋ, ಅರ್ಧ ಕುಸಿದ ಮಾಳಿಗೆ ಮನೆಯಲ್ಲೋ ಇರ್ತಾರೆ. ಒಂದು ಹೊತ್ತಿನ ಅನ್ನಕ್ಕೆ ಮಠದ ದಾಸೋಹ ಉಂಟು. ಆದರೆ ‘ನನ್ನ ಮನೆ’ ಅನ್ನೋ ವಿಳಾಸ ಇಲ್ಲ.

2011ರ ಜನಗಣತಿ ದೇಶದಲ್ಲಿ ಸುಮಾರು 17.7 ಲಕ್ಷ ವಸತಿರಹಿತರನ್ನು ಎಣಿಸಿತು. ಅವರಲ್ಲಿ ಸೈನ್ಯದಲ್ಲಿ ಇದ್ದು ಬಂದವರು ಎಷ್ಟು ಅಂತ ತಿಳಿಸುವ ಕಾಲಂ ಅದರಲ್ಲಿ ಇರಲಿಲ್ಲ. ತಮ್ಮನ ಪಡಸಾಲೆಯಲ್ಲಿ ಮಲಗಿದವರಂತೂ ಆ ಲೆಕ್ಕಕ್ಕೇ ಬರುವುದಿಲ್ಲ.

2. ಹದಿನೈದು ವರ್ಷದ ಗೆರೆ

‘ಮಿಲ್ಟ್ರಿಯವರಿಗೇನು, ಪೆನ್ಷನ್ ಬರ್ತದಲ್ಲ’ ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಅದು ಪೂರ್ತಿ ನಿಜ ಅಲ್ಲ. ಜವಾನರಿಗೆ ಸೇವಾ ಪೆನ್ಷನ್ ಸಿಗಬೇಕಾದರೆ ಸಾಮಾನ್ಯವಾಗಿ 15 ವರ್ಷ ಸೇವೆ ಆಗಿರಬೇಕು. ಅದಕ್ಕಿಂತ ಮುಂಚೆ ಬಿಡುಗಡೆಯಾಗಿ ಬಂದವರು ಒಂದಿಷ್ಟು ಗ್ರಾಚ್ಯುಯಿಟಿ ಹಿಡಿದು ಊರಿಗೆ ಬಂದಿದ್ದಾರೆ. ಆ ಹಣ ಮಗಳ ಮದುವೆಗೋ ಬೋರ್‌ವೆಲ್‌ಗೋ ಖರ್ಚಾಯಿತು ಅಂದರೆ ಮುಗೀತು.

ಈ ಗೆರೆ ಹಳೆಯ ಕಾಲದ ಮಾತಲ್ಲ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರಲ್ಲಿ ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಮಾತ್ರ ಮುಂದುವರಿಯುತ್ತಾರೆ. ಉಳಿದವರು ನಾಲ್ಕು ವರ್ಷಕ್ಕೆ ಸೇವಾನಿಧಿ ಹಣದೊಂದಿಗೆ ಮರಳುತ್ತಾರೆ. ಅವರಿಗೆ ಪೆನ್ಷನ್ ಇಲ್ಲ, ಮಾಜಿ ಸೈನಿಕ ಅನ್ನೋ ಸ್ಥಾನವೂ ಇಲ್ಲ. ಅವರು ನಮ್ಮ ವಯಸ್ಸಿನವರೇ.

3. ಸೂರಿನ ಕಡತ

ಹಳ್ಳಿಯಲ್ಲಿ ಮನೆ ಕಟ್ಟಲು ಮುಖ್ಯ ದಾರಿ ಪ್ರಧಾನಮಂತ್ರಿ ಆವಾಸ್ ಯೋಜನೆ, ಗ್ರಾಮೀಣ. 2016ರಲ್ಲಿ ಶುರುವಾದ ಈ ಯೋಜನೆಯಲ್ಲಿ ಬಯಲು ಪ್ರದೇಶದ ಒಂದು ಮನೆಗೆ ₹1.20 ಲಕ್ಷ ನೆರವು. ಅಡುಗೆ ಜಾಗ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಸೂರೇ ಇಲ್ಲದ ಕುಟುಂಬಗಳು ಪಟ್ಟಿಗೆ ತಾನಾಗಿಯೇ ಸೇರಬೇಕು ಅನ್ನೋದು ನಿಯಮ. ಯುದ್ಧದಲ್ಲಿ ಮಡಿದವರ ಹೆಂಡತಿ ಮತ್ತು ಹತ್ತಿರದ ಬಂಧುಗಳಿಗೆ ಆದ್ಯತೆಯೂ ಇದೆ. ಆದರೆ ಬದುಕಿ ಬಂದ, ಪೆನ್ಷನ್ ಇಲ್ಲದ ಸಿಪಾಯಿ ಬೇರೆ ಬಡವರ ಜೊತೆಗೇ ಸಾಲಲ್ಲಿ ನಿಲ್ಲಬೇಕು. ಅವರ ಹೆಸರು ಸಮೀಕ್ಷೆಯಲ್ಲಿ ಇರಬೇಕು, ಗ್ರಾಮಸಭೆಯಲ್ಲಿ ಯಾರಾದರೂ ಅವರ ಪರವಾಗಿ ಎದ್ದು ಮಾತಾಡಬೇಕು. ಕಟ್ಟಲು ನಿವೇಶನವೂ ಬೇಕು.

ಜಮೀನಿನ ದಾರಿ ಇನ್ನೊಂದು. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969 ಸರ್ಕಾರಿ ಜಮೀನು ಹಂಚುವಾಗ ಶೇಕಡಾ 10ರಷ್ಟನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ಮೀಸಲಿಟ್ಟಿವೆ. ಇದು ತಹಶೀಲ್ದಾರರ ಕಡತ. ಹಂಚಲು ಜಮೀನು ಉಳಿದಿದ್ದರೆ ಮಾತ್ರ ಈ ಶೇಕಡಾ 10ಕ್ಕೆ ಅರ್ಥ.

4. ನೆರವಿನ ಕಡತ

ಮೂರನೆಯದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಇದರ ಕಚೇರಿ ಪ್ರತಿ ಜಿಲ್ಲೆಯಲ್ಲೂ ಇಲ್ಲ. ಒಂದೊಂದು ಕಚೇರಿ ಹಲವು ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ. ಪೆನ್ಷನ್ ಇಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ಹಾಗೂ ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರಿಗೆ, ಅವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ತಿಂಗಳ ಸಹಾಯಧನ ಕೊಡುತ್ತದೆ. ಅದು ₹4,000 ಇತ್ತು. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ₹8,000 ಆಗಿದೆ. ಈ ಹಣ ಬರುವುದು ಡಿಸೆಂಬರ್ 7ರ ಧ್ವಜ ದಿನದಂದು ನಾವು ಜೇಬಿಗೆ ಚಿಕ್ಕ ಬಾವುಟ ಸಿಕ್ಕಿಸಿಕೊಂಡು ಕೊಡುವ ಕಾಸು ಸೇರುವ ನಿಧಿಯಿಂದ.

ನಾಲ್ಕನೆಯದು ಕಾನೂನಿನ ಕಡತ. ಬದುಕಿದ್ದಾಗಲೇ ಮನೆಯನ್ನು ಮಗನ ಹೆಸರಿಗೆ ಬರೆದುಕೊಟ್ಟು ಬೀದಿಗೆ ಬಂದವರು ಇರ್ತಾರೆ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು, ಮಗ ನೋಡಿಕೊಳ್ಳದಿದ್ದರೆ, ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅವಕಾಶ ಇದೆ. ಅರ್ಜಿ ಹೋಗುವುದು ಎಸಿ ಸಾಹೇಬರ ಅಧ್ಯಕ್ಷತೆಯ ನ್ಯಾಯಮಂಡಳಿಗೆ. ಸೈನಿಕರ ಕುಟುಂಬಗಳಿಗೆ ಉಚಿತ ಕಾನೂನು ನೆರವು ಕೊಡಲು 2025ರ ಜುಲೈನಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ಯೂ ಶುರುವಾಗಿದೆ.

5. ಕಡತಗಳು ಏಕೆ ಸೇರುವುದಿಲ್ಲ?

ಮೊದಲ ತೊಡಕು ವಿಳಾಸ. ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಕೊಟ್ಟೂರು ಮೊದಲು ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಹಾಗಾಗಿ ಒಬ್ಬರ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು ಜಿಲ್ಲೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇರಬಹುದು. ಮನುಷ್ಯ ಊರು ಬಿಟ್ಟು ಕದಲದಿದ್ದರೂ ದಾಖಲೆಯಲ್ಲಿ ಮೂರು ಜಿಲ್ಲೆ ಸುತ್ತಿರ್ತಾನೆ.

ಎರಡನೆಯದು ಅಳತೆಯ ತೊಡಕು. 2013ರ ನಗರ ಜೀವನೋಪಾಯ ಯೋಜನೆಯಲ್ಲಿ ವಸತಿರಹಿತರ ಆಶ್ರಯಕ್ಕೆ ಇಟ್ಟ ಅಳತೆ: ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಜಾಗ. 2011ರ ಗಣತಿಯಲ್ಲಿ ಈ ಐದು ಪಟ್ಟಣಗಳಲ್ಲಿ ಒಂದೂ ಲಕ್ಷ ಮುಟ್ಟಿರಲಿಲ್ಲ. ಐದೂ ಸೇರಿದರೆ ಲಕ್ಷ ದಾಟುತ್ತಿತ್ತು. ಒಂದೊಂದೇ ಪಟ್ಟಣ ಹಿಡಿದು ಪೂರ್ಣಾಂಕಕ್ಕೆ ಇಳಿಸಿ ಲೆಕ್ಕ ಹಾಕಿದರೆ ಉತ್ತರ ಸೊನ್ನೆ, ಒಟ್ಟು ಮಾಡಿ ಹಾಕಿದರೆ ಒಂದು. ಎಂಜಿನಿಯರಿಂಗ್ ಓದೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೇರಿಸಿ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ ಒಂದು ಯೋಜನೆಯಲ್ಲಿ ವಸತಿ ಇಲಾಖೆ ಬಾಡಿಗೆಗೆ ನೆರವು ಕೊಡುತ್ತದೆ, ಮಾಜಿ ಸೈನಿಕರ ಇಲಾಖೆ ಅದೇ ಮನುಷ್ಯನಿಗೆ ಒಬ್ಬ ಕಾರ್ಯಕರ್ತರನ್ನು ಗೊತ್ತುಮಾಡುತ್ತದೆ. ಚಿಕಿತ್ಸೆ, ಕುಡಿತದ ಸಮಸ್ಯೆ, ಕಾಗದಪತ್ರ ಎಲ್ಲಕ್ಕೂ ಅವರೇ ಜೊತೆಗೆ ಓಡಾಡ್ತಾರೆ. ಪ್ರತಿ ಜನವರಿಯಲ್ಲಿ ಒಂದು ರಾತ್ರಿ ತಲೆ ಎಣಿಸ್ತಾರೆ. 2010ರಲ್ಲಿ ಸುಮಾರು 74 ಸಾವಿರ ಇದ್ದ ಮನೆಯಿಲ್ಲದ ಮಾಜಿ ಸೈನಿಕರು 2024ರಲ್ಲಿ 32,882ಕ್ಕೆ ಇಳಿದರು. ಅವರಷ್ಟು ದುಡ್ಡು ನಮ್ಮಲ್ಲಿ ಇಲ್ಲ ನಿಜ. ಆದರೆ ಎಣಿಸುವುದಕ್ಕೂ ಜೊತೆಗೆ ಓಡಾಡುವುದಕ್ಕೂ ಬೇಕಾದದ್ದು ಮುಖ್ಯವಾಗಿ ಜನ.

6. ನಾವು ಮಾಡಬಹುದಾದದ್ದು

ಎನ್‌ಎಸ್‌ಎಸ್ ಶಿಬಿರಕ್ಕೆ ಈ ಕಡೆಯ ಹಳ್ಳಿಗೆ ಹೋದಾಗ ರಸ್ತೆ ಗುಡಿಸುವುದರ ಜೊತೆಗೆ ನಾಲ್ಕು ಪ್ರಶ್ನೆ ಕೇಳೋಣ. ಊರಲ್ಲಿ ಸೈನ್ಯದಿಂದ ಬಂದವರು ಯಾರಿದ್ದಾರೆ? ರಾತ್ರಿ ಎಲ್ಲಿ ಮಲಗ್ತಾರೆ? ಪೆನ್ಷನ್ ಇದೆಯಾ? ಡಿಸ್ಚಾರ್ಜ್ ಬುಕ್ ಎಲ್ಲಿದೆ? ಕೊನೆಯ ಪ್ರಶ್ನೆ ಬಹಳ ಮುಖ್ಯ. ಆ ಪುಸ್ತಕ ಇಲ್ಲದೆ ಸೈನಿಕ ಕಲ್ಯಾಣ ಕಚೇರಿಯ ಬಾಗಿಲು ತೆರೆಯುವುದು ಕಷ್ಟ. ಅದು ಕಳೆದಿದ್ದರೆ ಅವರ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಬೇಕು. ಸೇವಾ ಸಂಖ್ಯೆ ಗೊತ್ತಿದ್ದರೆ ಕೆಲಸ ಸಲೀಸು, ಮತ್ತು ಹಳೆಯ ಸಿಪಾಯಿ ಎಲ್ಲ ಮರೆತರೂ ತನ್ನ ನಂಬರ್ ಮರೆಯುವುದು ಕಡಿಮೆ. ಅರ್ಜಿ ಆನ್‌ಲೈನ್‌ನಲ್ಲಿ ತುಂಬುವುದು ನಮಗೆ ಅರ್ಧ ಗಂಟೆಯ ಕೆಲಸ. ಅವರಿಗೆ ಅದು ಎರಡು ಬಸ್ಸು, ಒಂದು ದಿನದ ಕೂಲಿ.

ಅಭ್ಯಾಸಕ್ಕೆ:

• ಸಿವಿಲ್‌ನವರು: 25 ಚದರ ಮೀಟರ್‌ನಲ್ಲಿ, ಮಂಡಿನೋವಿರುವ ಒಬ್ಬಂಟಿ ಹಿರಿಯರಿಗೆ ಒಂದು ಮನೆ ಬರೆಯಿರಿ. ಮೆಟ್ಟಿಲು ಇರಬಾರದು, ಬೇಸಿಗೆ ಬಿಸಿಲಿಗೆ ಚಾವಣಿ ಕಾಯಬಾರದು.
• ಕಂಪ್ಯೂಟರ್ ಸೈನ್ಸ್‌ನವರು: ನಾಲ್ಕು ಕಡತಗಳಿಗೂ ಬೇಕಾದ ದಾಖಲೆಗಳನ್ನು ಒಂದೇ ಕನ್ನಡ ಹಾಳೆಗೆ ಇಳಿಸಿ, ಯಾವುದು ಮೊದಲು ಯಾವುದು ನಂತರ ಅಂತ ತೋರಿಸಿ.
• ಎಲ್ಲರೂ: ನಿಮ್ಮ ಊರಲ್ಲಿ ‘ಮಿಲ್ಟ್ರಿ’ ಅಂತ ಕರೆಸಿಕೊಳ್ಳುವ ಹಿರಿಯರು ಯಾರು ಅಂತ ಮನೆಗೆ ಫೋನ್ ಮಾಡಿ ಕೇಳಿ. ಅವರಿಗೆ ಪೆನ್ಷನ್ ಇದೆಯೋ ಇಲ್ಲವೋ ಅನ್ನೋದನ್ನೂ ಕೇಳಿ.