ಸಿಆರ್‌ಪಿ ನಾರ್ಮಲ್ ಬಂದರೆ ಸೋಂಕಿಲ್ಲವೇ?

ಪ್ರಶ್ನೆ: ನನ್ನ ತಾಯಿಗೆ ಬಹಳ ವರ್ಷಗಳಿಂದ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಪ್ರೆಡ್ನಿಸೋಲೋನ್, ಜೊತೆಗೆ ಟೊಸಿಲಿಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ಕೆಲವು ದಿನಗಳಿಂದ ವಿಪರೀತ ಸುಸ್ತು, ಬಲ ಮಂಡಿ ಮಾತ್ರ ಊದಿ ಬಿಸಿಯಾಗಿದೆ. ಆದರೆ ಜ್ವರವಿಲ್ಲ, ಸಿಆರ್‌ಪಿಯೂ ನಾರ್ಮಲ್. ಸೋಂಕಿಲ್ಲ ಎಂದು ಧೈರ್ಯವಾಗಿರಬಹುದೇ?

ಉತ್ತರ: ಇರಬಾರದು. ಇವತ್ತೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಸಿಆರ್‌ಪಿ ಎಂಬ ಉರಿಯೂತದ ಸೂಚಕ ತಯಾರಾಗುವುದು ಪಿತ್ತಜನಕಾಂಗದಲ್ಲಿ, ಅದೂ ಮುಖ್ಯವಾಗಿ ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಬಂದಾಗ. ಟೊಸಿಲಿಜುಮ್ಯಾಬ್ ತಡೆಯುವುದು ಆ ಸಂಕೇತವನ್ನೇ. ಹಾಗಾಗಿ ನಿಮ್ಮ ಕೈಲಿರುವ ವರದಿ ಔಷಧಿ ಕೆಲಸ ಮಾಡುತ್ತಿದೆ ಎಂದು ಹೇಳುತ್ತದೆಯೇ ಹೊರತು ರೋಗಾಣು ಇಲ್ಲವೆಂದಲ್ಲ. ಜ್ವರದ ಕಥೆಯೂ ಇದೇ. ಈ ಇಂಜೆಕ್ಷನ್ನೂ ಸ್ಟೀರಾಯ್ಡೂ ಸೇರಿ ಅದನ್ನು ಅಡಗಿಸಿಬಿಡಬಲ್ಲವು. ಬಿಳಿ ರಕ್ತಕಣಗಳ ಎಣಿಕೆಯನ್ನಾದರೂ ನಂಬೋಣವೆಂದರೆ, ಸೋಂಕಿಲ್ಲದಿದ್ದರೂ ಸ್ಟೀರಾಯ್ಡ್ ಅದನ್ನು ಏರಿಸುತ್ತದೆ, ಮೆಥೊಟ್ರೆಕ್ಸೇಟ್ ಇಳಿಸಬಹುದು. ಇನ್ನು ಈ ಇಂಜೆಕ್ಷನ್ ಪಡೆಯದ ಸಂಧಿವಾತದವರಲ್ಲಿ ಕಾಯಿಲೆ ಕೆರಳಿದರೂ ಸಿಆರ್‌ಪಿ ಏರುತ್ತದೆ. ಅಂದರೆ ಈ ಅಂಕಿಗಳು ಎರಡೂ ಕಡೆಗೆ ದಾರಿ ತಪ್ಪಿಸಬಲ್ಲವು.

ಹೊಸ ಪರೀಕ್ಷೆಗಳಿವೆಯಲ್ಲ ಎಂದು ನೀವು ಕೇಳಬಹುದು. ಪ್ರೊಕ್ಯಾಲ್ಸಿಟೋನಿನ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಮಿಲಿಲೀಟರಿಗೆ 0.5 ನ್ಯಾನೊಗ್ರಾಮ್ ದಾಟಿದರೆ ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬಲವಾಗುತ್ತದೆ. ಆದರೆ ಕಡಿಮೆ ಬಂದರೆ ಪಾರಾದೆವು ಎನ್ನುವಂತಿಲ್ಲ. ಕೀವು ಒಂದೇ ಕೀಲಿನೊಳಗೆ ಕೂತಿದ್ದರೆ, ಅಥವಾ ಇರುವುದು ಕ್ಷಯವಾದರೆ, ಅದು ಏರದೆಯೂ ಇರಬಹುದು. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಮೇಲ್ಮೈಯಲ್ಲಿರುವ ಸಿಡಿ64 ಎಂಬ ಪ್ರೋಟೀನನ್ನು ಅಳೆಯುವ ವಿಧಾನವನ್ನು ಜಪಾನಿನ ಸಂಶೋಧಕರು ಸಂಧಿವಾತದ ರೋಗಿಗಳಲ್ಲೇ ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಕಂಡಿದ್ದಾರೆ. ಆದರೆ ಅದಕ್ಕೆ ಫ್ಲೋ ಸೈಟೋಮೀಟರ್ ಬೇಕು, ಬೀದಿ ಬದಿಯ ಲ್ಯಾಬಿನಲ್ಲಿ ಅದು ಸಿಗುವಂಥದ್ದಲ್ಲ.

ಆದ್ದರಿಂದ ನೆರಳನ್ನು ಅಳೆಯುವುದಕ್ಕಿಂತ ರೋಗಾಣುವನ್ನೇ ಹುಡುಕುವುದು ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಉಳಿದ ಕೀಲುಗಳೆಲ್ಲ ಸುಮ್ಮನಿದ್ದು ಒಂದೇ ಕೀಲು ಊದಿ ಬಿಸಿಯಾದರೆ, ಕೀವಿಲ್ಲವೆಂದು ಖಾತ್ರಿಯಾಗುವವರೆಗೂ ಇದೆ ಎಂದೇ ಭಾವಿಸಬೇಕು. ಮಂಡಿಯಿಂದ ಸೂಜಿಯಲ್ಲಿ ನೀರು ತೆಗೆದು ಗ್ರಾಮ್ ಸ್ಟೇನ್, ಕಲ್ಚರ್ ಮತ್ತು ಕಣಗಳ ಎಣಿಕೆಗೆ ಕಳಿಸುತ್ತಾರೆ. ರಕ್ತದ ಕಲ್ಚರ್, ಎದೆಯ ಎಕ್ಸ್‌ರೇ, ಮೂತ್ರ ಪರೀಕ್ಷೆಯೂ ಬೇಕಾಗಬಹುದು. ಸಾಧ್ಯವಾದಮಟ್ಟಿಗೆ ಇವೆಲ್ಲ ಮೊದಲ ಆಂಟಿಬಯಾಟಿಕ್‌ಗಿಂತ ಮುಂಚೆಯೇ ಆಗಬೇಕು. ಇಷ್ಟೆಲ್ಲ ಯಾಕೆ, ಮೆಡಿಕಲ್ ಶಾಪಿನಿಂದ ಒಂದು ಕೋರ್ಸ್ ತಂದು ನುಂಗಿಸಿದರಾಗದೇ? ಆಗದು. ಅರೆಬರೆ ಆಂಟಿಬಯಾಟಿಕ್ ಬಿದ್ದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಸೋಂಕು ಮಾತ್ರ ಒಳಗೇ ಉಳಿಯಬಹುದು. ಮೇಲಾಗಿ, ಕೋಟ್ರೈಮಾಕ್ಸಜೋಲ್‌ನಂಥ ಸಾಮಾನ್ಯ ಮಾತ್ರೆ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಮೂಳೆಮಜ್ಜೆಗೆ ಪೆಟ್ಟು ಬಿದ್ದು ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಹಾಗಾದರೆ ಇಂಥ ಔಷಧಿಗಳೇ ಬೇಡ ಎನ್ನುವವರೂ ಇದ್ದಾರೆ. ಹತೋಟಿ ತಪ್ಪಿದ ಸಂಧಿವಾತವೂ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆ, ಕೀಲುಗಳನ್ನಂತೂ ತಿಂದೇ ಹಾಕುತ್ತದೆ. ಆದ್ದರಿಂದ ಔಷಧಿಗಳೇ ಬೇಡವೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸೋಂಕು ವಾಸಿಯಾಗುವ ತನಕ ಮೆಥೊಟ್ರೆಕ್ಸೇಟ್ ಮತ್ತು ಇಂಜೆಕ್ಷನ್ ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಪ್ರೆಡ್ನಿಸೋಲೋನನ್ನು ಮಾತ್ರ ನೀವಾಗಿಯೇ ಥಟ್ಟನೆ ಬಿಡಿಸಬೇಡಿ, ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾದೀತು. ಟೊಸಿಲಿಜುಮ್ಯಾಬ್‌ನ ಪರಿಣಾಮ ಕೊನೆಯ ಡೋಸ್ ಆದ ಮೇಲೂ ವಾರಗಟ್ಟಲೆ ಉಳಿಯುತ್ತದೆ. ಆದ್ದರಿಂದ ಯಾವ ಡಾಕ್ಟರ ಬಳಿ ಹೋದರೂ ಔಷಧಿಗಳ ಹೆಸರು, ಕೊನೆಯ ಇಂಜೆಕ್ಷನ್ ತಗೊಂಡ ತಾರೀಖು ಬರೆದ ಚೀಟಿಯನ್ನು ಸಿಆರ್‌ಪಿ ವರದಿಗಿಂತ ಮೊದಲು ತೋರಿಸಿ.