ಅಣಬೆಗೆ ಹಾಸಿಗೆ

ಹಸುರಿಲ್ಲದ ಅಣಬೆಯು ಗಿಡಗಳಂತೆ ಬಿಸಿಲಿನ ನೆರವಿನಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳಲಾರದು. ನಾವು ಒದಗಿಸುವ ಹುಲ್ಲೇ ಅದಕ್ಕೆ ಹಾಸಿಗೆ, ಅದೇ ಊಟ. ಆದರೆ ಆ ಊಟಕ್ಕೆ ಬೂಷ್ಟೂ ಹೊಂಚುಹಾಕಿರುತ್ತದೆ. ಖಾರಘರದ ಮಳೆಗಾಲದಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದುದರಿಂದ ಹುಲ್ಲನ್ನು ಮೊದಲು ಶುದ್ಧಗೊಳಿಸಬೇಕು.

ನಮ್ಮ ರಾಯಗಡ ಜಿಲ್ಲೆಯು ಭತ್ತದ ನಾಡು. ಸುತ್ತಲಿನ ಹಳ್ಳಿಗಳಲ್ಲಿ ಒಣಹುಲ್ಲು ದೊರೆಯುತ್ತದೆ. ಮಳೆಯಲ್ಲಿ ನೆನೆಯದ ಹೊಸ ಹುಲ್ಲನ್ನು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಹಾಕೋಣ. ಮರುದಿನ ಹಿರಿಯರ ಸಹಾಯದಿಂದ, ಸುಮಾರು 80 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡೋಣ. ಬೂಷ್ಟಿನ ಬಹುಪಾಲು ಇದರಿಂದ ನಾಶವಾಗುವುದು. ಬಳಿಕ ನೀರು ಬಸಿದು ಆರಿಸಬೇಕು. ಒಂದು ಹಿಡಿಯನ್ನು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ನೀರು ಹೆಚ್ಚಾದರೆ ಗಾಳಿಯಾಡದೆ ಹುಲ್ಲು ಕೊಳೆಯುವುದು. ಹುಲ್ಲು ಬಿಸಿಯಾಗಿದ್ದರೆ ಅಣಬೆಯ ಬೀಜ ಸಾಯುವುದು.

ಈಗ ಹುಲ್ಲನ್ನೂ ಚಿಪ್ಪು ಅಣಬೆಯ ಬೀಜವನ್ನೂ ಪದರಪದರವಾಗಿ ತೂತುಗಳುಳ್ಳ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕತ್ತಲಲ್ಲಿಡೋಣ. ಎರಡು ಮೂರು ವಾರಗಳಲ್ಲಿ ಬಿಳಿಯ ಎಳೆಗಳು ಹುಲ್ಲನ್ನೆಲ್ಲ ಆವರಿಸುವುವು. ಹಸುರು ಮಚ್ಚೆಗಳು ಹರಡಿದರೆ ಬೂಷ್ಟು ಗೆದ್ದಿತೆಂದು ತಿಳಿದು ಚೀಲವನ್ನು ಹೊರಹಾಕಬೇಕು. ಬೆಳ್ಳಗಾದ ಚೀಲವನ್ನು ಗಾಳಿ ಬೆಳಕಿಗೆ ತಂದು ದಿನವೂ ನೀರು ಚಿಮುಕಿಸಿದರೆ ಅಣಬೆ ಮೂಡುವುದು. ಬೆಳೆಯ ಅದೃಷ್ಟವು ಹಾಸಿಗೆಯ ಶುಚಿತ್ವದಲ್ಲಿಯೇ ಇದೆ.